ಕೂಸನ್ನು ಯಾರ ಕೈಗೆ ಕೊಡಲಿ?

ಓದುಗರ ಪ್ರಶ್ನೆ

ನಾನು ಹುಬ್ಬಳ್ಳಿಯ ಒಂದು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ಮನೆ ನವನಗರದಲ್ಲಿ. ನಮ್ಮ ಮನೆಯವರಿಗೆ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಮಗನಿಗೆ 14 ತಿಂಗಳು. ಇಷ್ಟು ದಿನ ನಮ್ಮ ತಾಯಿ ಬಂದಿದ್ದು ನೋಡಿಕೊಂಡರು. ಮುಂದಿನ ತಿಂಗಳು ಅವರು ಊರಿಗೆ ಹೋಗಲೇಬೇಕು. ಲಕ್ಷ್ಮೇಶ್ವರದ ಹತ್ತಿರದ ಹಳ್ಳಿಯಲ್ಲಿರುವ ನಮ್ಮತ್ತೆ "ಕೂಸನ್ನ ನನ್ನ ಹತ್ರ ಬಿಡ್ರಿ, ಶನಿವಾರ ಭಾನುವಾರ ಬಂದು ನೋಡಿ ಹೋಗ್ರಿ" ಅನ್ನುತ್ತಾರೆ. ನನಗೆ ಮನಸ್ಸಿಲ್ಲ. ಎರಡು ಡೇ ಕೇರ್ ನೋಡಿ ಬಂದೆ. ಒಂದು ದೊಡ್ಡದು. ಎಸಿ, ಸಿಸಿಟಿವಿ, ಗೋಡೆ ತುಂಬಾ ಚಿತ್ರ, ಇಂಗ್ಲಿಷಿನಲ್ಲೇ ಮಾತು. ತಿಂಗಳಿಗೆ 7,500 ರೂಪಾಯಿ. ಇನ್ನೊಂದನ್ನು ಒಬ್ಬ ಮೇಡಂ ತಮ್ಮ ಮನೆಯ ಕೆಳಗಿನ ಎರಡು ಕೋಣೆಯಲ್ಲಿ ನಡೆಸುತ್ತಾರೆ. ಎಂಟು ಮಕ್ಕಳು. ನೋಡಿಕೊಳ್ಳಲು ಅವರು, ಜೊತೆಗೆ ಒಬ್ಬ ಆಯಾ. 5,000 ರೂಪಾಯಿ. ಪಕ್ಕದ ಮನೆಯವರು "ಡೇ ಕೇರ್ ಮಕ್ಕಳು ಹಠಮಾರಿ ಆಗ್ತಾವ, ಸದಾ ಜಡ್ಡು, ತಾಯೀನ ಮರೀತಾವ" ಎಂದು ಹೆದರಿಸಿದ್ದಾರೆ. ನಾನು ತಪ್ಪು ಮಾಡುತ್ತಿದ್ದೇನಾ? ಡೇ ಕೇರ್ ಒಳ್ಳೆಯದು ಎಂದು ಗುರುತಿಸುವುದು ಹೇಗೆ?

ಒಬ್ಬ ತಾಯಿ, ನವನಗರ

ಉತ್ತರ

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಡೇ ಕೇರ್ ಹೇಗಿರಬೇಕು ಎಂದು ಕೇಳಿದ್ದೀರಿ. ಆದರೆ ನಿಮ್ಮನ್ನು ಒಳಗೆ ಕೊರೆಯುತ್ತಿರುವ ಪ್ರಶ್ನೆ ಬೇರೆ ಇದೆ ಅನಿಸುತ್ತದೆ. ನಾನಿಲ್ಲದ ಒಂಬತ್ತು ತಾಸಿನಲ್ಲಿ ನನ್ನ ಮಗ ಅತ್ತರೆ ಯಾರಾದರೂ ಎತ್ತಿಕೊಳ್ಳುತ್ತಾರಾ? ಅದೇ ಸರಿಯಾದ ಪ್ರಶ್ನೆ. ಧಾರವಾಡದಲ್ಲಿ ಮಕ್ಕಳ ಡಾಕ್ಟರಾಗಿ 26 ವರ್ಷ ಕಳೆದಿದ್ದೇನೆ. ಯಾವ ಡೇ ಕೇರ್ ಆದರೂ ನಾನು ಅಳೆಯುವುದು ಈ ಒಂದು ಪ್ರಶ್ನೆಯಿಂದಲೇ.

ಮೊದಲು ಪಕ್ಕದ ಮನೆಯವರ ಮಾತು ನೋಡೋಣ. ಅವರು ಹೇಳಿದ ಮೂರರಲ್ಲಿ ಎರಡು ಅರ್ಧ ನಿಜ, ಒಂದು ಪೂರ್ತಿ ಸುಳ್ಳು.

ಜಡ್ಡಿನ ಮಾತು ಅರ್ಧ ನಿಜ. ಹತ್ತು ಮಕ್ಕಳ ಜೊತೆ ಬೆರೆಯುವ ಕೂಸಿಗೆ ಮೊದಲ ವರ್ಷ ಎಂಟು ಹತ್ತು ಸಲ ನೆಗಡಿ ಬರುವುದು ಸಾಮಾನ್ಯ. ಮಳೆಗಾಲದಲ್ಲಂತೂ ಒಂದು ಮುಗಿಯುವಷ್ಟರಲ್ಲಿ ಇನ್ನೊಂದು. ನನ್ನ ಹತ್ತಿರ ಬರುವ ತಾಯಂದಿರು "ಶಕ್ತೀನೇ ಇಲ್ಲ ಇವಂಗೆ, ಟಾನಿಕ್ ಬರೀರಿ" ಅನ್ನುತ್ತಾರೆ. ಶಕ್ತಿ ಕಡಿಮೆಯಾಗಿ ಬರುವ ನೆಗಡಿ ಅಲ್ಲ ಇದು. ಅವನ ಮೈ ಆ ವೈರಸ್‌ಗಳನ್ನು ಮೊದಲ ಸಲ ನೋಡುತ್ತಿದೆ, ಅಷ್ಟೇ. ಮನೆಯಲ್ಲೇ ಬೆಳೆದ ಮಗು ಇದೇ ನೆಗಡಿಗಳನ್ನು ಶಾಲೆಗೆ ಸೇರಿದ ವರ್ಷ ಪಡೆಯುತ್ತದೆ. ಉಸಿರು ಜೋರಾದರೆ, ಪಕ್ಕೆ ಒಳಗೆ ಎಳೆದರೆ, ಕುಡಿಯುವುದನ್ನೇ ಬಿಟ್ಟರೆ ಮಾತ್ರ ತಡ ಮಾಡದೆ ಆಸ್ಪತ್ರೆಗೆ ಬನ್ನಿ. 16 ತಿಂಗಳಿಗೆ ಶುರುವಾಗುವ ಬೂಸ್ಟರ್ ಲಸಿಕೆಗಳನ್ನು ತಪ್ಪಿಸಬೇಡಿ.

ಹಠದ ಮಾತೂ ಅರ್ಧ ನಿಜ. ಅಮೆರಿಕದ ಎನ್‌ಐಸಿಎಚ್‌ಡಿ ಎಂಬ ಸರ್ಕಾರಿ ಸಂಸ್ಥೆ 1991ರಲ್ಲಿ ಒಂದು ದೊಡ್ಡ ಅಧ್ಯಯನ ಶುರು ಮಾಡಿತು. 1,300ಕ್ಕೂ ಹೆಚ್ಚು ಮಕ್ಕಳನ್ನು ಹುಟ್ಟಿದಾಗಿನಿಂದ ವರ್ಷಗಟ್ಟಲೆ ನೋಡುತ್ತಾ ಬಂದರು. ವಾರಕ್ಕೆ ತುಂಬಾ ತಾಸು ಹೊರಗೆ ಇದ್ದ ಮಕ್ಕಳಲ್ಲಿ ಜಗಳ, ಹಠ ಸ್ವಲ್ಪ ಜಾಸ್ತಿ ಕಂಡಿತು. ಆದರೆ ಅದು ಕಾಯಿಲೆ ಅನ್ನುವಷ್ಟಲ್ಲ, ಎಲ್ಲ ಮಕ್ಕಳಲ್ಲೂ ಇರುವ ಮಿತಿಯೊಳಗೇ ಇತ್ತು. ಒಳ್ಳೆಯ ಆರೈಕೆ ಸಿಕ್ಕ ಮಕ್ಕಳ ಮಾತು ಮತ್ತು ಕಲಿಕೆ ತುಸು ಮುಂದಿತ್ತು. ಡೇ ಕೇರಿಗೆ ಹೋದದ್ದಕ್ಕೇ ತಾಯಿ ಮಗುವಿನ ನಂಟು ಸಡಿಲವಾಗಲಿಲ್ಲ. ಎಲ್ಲಕ್ಕಿಂತ ದೊಡ್ಡ ಪರಿಣಾಮ ಮನೆಯದೇ ಆಗಿತ್ತು. ಹೀಗಾಗಿ "ತಾಯೀನ ಮರೀತಾವ" ಎನ್ನುವ ಮಾತನ್ನು ಇವತ್ತೇ ಮನಸ್ಸಿನಿಂದ ತೆಗೆದುಹಾಕಿ.

ಇನ್ನು ನಾನು ಒಳ್ಳೆಯ ಆರೈಕೆ ಅನ್ನುವುದು ಯಾವುದಕ್ಕೆ?

14 ತಿಂಗಳ ಮಗು ಆಡುವುದನ್ನು ಸುಮ್ನೆ ಕೂತು ನೋಡಿ. ನಾಲ್ಕು ಹೆಜ್ಜೆ ಹೋಗುತ್ತಾನೆ, ಹಿಂದೆ ತಿರುಗಿ ನೋಡುತ್ತಾನೆ. ಗೊತ್ತಿರುವ ಮುಖ ಅಲ್ಲೇ ಇದ್ದರೆ ಇನ್ನೂ ನಾಲ್ಕು ಹೆಜ್ಜೆ. ಡಬ್ಬಿ ಬಡಿಯುತ್ತಾನೆ, ಮತ್ತೆ ನೋಡುತ್ತಾನೆ. ನೀವು "ಏನೋ ಅದು, ಡಬ್ಬೀನಾ?" ಅಂದರೆ ನಕ್ಕು ಇನ್ನೊಮ್ಮೆ ಬಡಿಯುತ್ತಾನೆ. ಅವನ ಮಾತು, ಧೈರ್ಯ, ಬುದ್ಧಿ ಎಲ್ಲ ಬೆಳೆಯುವುದು ಈ ಕೊಟ್ಟು ತೆಗೆದುಕೊಳ್ಳುವುದರಲ್ಲೇ. ಹಿಂದೆ ತಿರುಗಿದಾಗ ಯಾರೂ ಇಲ್ಲದಿದ್ದರೆ, ಅಥವಾ ದಿನಕ್ಕೊಂದು ಹೊಸ ಮುಖ ಇದ್ದರೆ, ಅವನು ಮುಂದೆ ಹೋಗುವುದಿಲ್ಲ. ಒಂದೋ ಅಳುತ್ತಾನೆ, ಇಲ್ಲವೇ ಸುಮ್ಮನಾಗಿ ಕೂತುಬಿಡುತ್ತಾನೆ. ಹಾಗೆ ಸುಮ್ಮನಾದ ಕೂಸನ್ನು "ಭಾಳ ಶಾಣ್ಯಾ, ಅಳೋದೇ ಇಲ್ಲ" ಎಂದು ಹೊಗಳುವವರಿದ್ದಾರೆ. ನನಗೆ ಅಳುವ ಮಗುವಿಗಿಂತ ಆ ಮಗುವಿನ ಚಿಂತೆ ಜಾಸ್ತಿ.

ಒಬ್ಬರೇ ಗೊತ್ತಾದ ವ್ಯಕ್ತಿ, ದಿನಾ ಅದೇ ವ್ಯಕ್ತಿ, ನಿಮ್ಮ ಮಗನ ಅಳು ಹಸಿವಿನದೋ ನಿದ್ದೆಯದೋ ಎಂದು ತಿಳಿದವರು. ಉಳಿದಿದ್ದೆಲ್ಲ ಆಮೇಲೆ.

ಹಂಗೇರಿಯಲ್ಲಿ ಎಮ್ಮಿ ಪಿಕ್ಲರ್ ಎಂಬ ಮಕ್ಕಳ ಡಾಕ್ಟರ್ ಇದ್ದರು. 1946ರಲ್ಲಿ, ಯುದ್ಧ ಮುಗಿದ ಮೇಲೆ, ಬುಡಾಪೆಸ್ಟ್ ನಗರದಲ್ಲಿ ಮನೆಯವರಿಲ್ಲದ ಕೂಸುಗಳಿಗೆ ಒಂದು ಆಶ್ರಯ ಶುರು ಮಾಡಿದರು. ಅಲ್ಲಿನ ದಾದಿಯರಿಗೆ ಅವರು ಕಲಿಸಿದ್ದು ಆಟ ಪಾಠ ಅಲ್ಲ. ಸ್ನಾನ ಮಾಡಿಸುವಾಗ, ಉಣಿಸುವಾಗ, ಬಟ್ಟೆ ಬದಲಿಸುವಾಗ ಅವಸರ ಮಾಡಬೇಡಿ, ಮಗುವಿನ ಜೊತೆ ಮಾತಾಡಿ, ಎತ್ತುವ ಮೊದಲು "ಈಗ ಎತ್ತುತ್ತೇನೆ" ಎಂದು ಹೇಳಿ ಅಂದರು. ಇದನ್ನು ಓದಿದಾಗ ನನಗೆ ನಮ್ಮ ಕಡೆ ಕೂಸಿಗೆ ಎರೆಯುವ ಅಜ್ಜಿಯರು ನೆನಪಾದರು. ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕುವುದರಿಂದ ಕುಂಚಿಗೆ ಕಟ್ಟುವ ತನಕ ಬಾಯಿ ಮುಚ್ಚುವುದಿಲ್ಲ ಅವರು. "ಯಾರ ಮಗ ಇಂವ, ಯಾವೂರ ಗೌಡ ಇಂವ" ಎಂದು ಕೇಳುತ್ತಲೇ ಇರುತ್ತಾರೆ. ಕೂಸು ಅವರ ಬಾಯನ್ನೇ ನೋಡುತ್ತಿರುತ್ತದೆ.

ಆದ್ದರಿಂದ ಡೇ ಕೇರ್ ನೋಡಲು ಬೆಳಿಗ್ಗೆ ಹತ್ತು ಗಂಟೆಗೆ ಹೋಗಬೇಡಿ. ಆಗ ಎಲ್ಲವೂ ಚೆನ್ನಾಗಿ ಕಾಣುತ್ತದೆ. ಹನ್ನೊಂದೂವರೆಗೆ ಹೋಗಿ ಒಂದೂವರೆ ತನಕ ಇರಿ. ಊಟ, ಮಲ, ಮೂತ್ರ, ನಿದ್ದೆ, ಅಳು ಎಲ್ಲ ಒಟ್ಟಿಗೆ ಬರುವ ಹೊತ್ತು ಅದು. "ಆ ಹೊತ್ತಿಗೆ ಪಾಲಕರಿಗೆ ಪ್ರವೇಶ ಇಲ್ಲ" ಅಂದರೆ ನನ್ನ ಮಟ್ಟಿಗೆ ಆ ಜಾಗದ ವಿಚಾರ ಅಲ್ಲಿಗೇ ಮುಗಿಯಿತು.

ಉಣಿಸುವುದನ್ನು ನೋಡಿ. ಸಾಲಾಗಿ ಕೂರಿಸಿ ಒಂದೇ ತಟ್ಟೆ, ಒಂದೇ ಚಮಚ, ಬಾಯಿಂದ ಬಾಯಿಗೆ ಸರಸರ ಓಡಿಸುತ್ತಾರಾ? ಅಥವಾ ಮಗು ಮುಖ ತಿರುಗಿಸಿದರೆ ನಿಲ್ಲಿಸಿ ಕಾಯುತ್ತಾರಾ? ಕೈಯಲ್ಲಿ ಅನ್ನ ಹಿಡಿದು ಮೈಗೆಲ್ಲ ಬಳಿದುಕೊಳ್ಳಲು ಬಿಡುತ್ತಾರಾ? ಚಡ್ಡಿ ಬದಲಿಸುವಾಗ "ಛೀ" ಅನ್ನುತ್ತಾರಾ, ಮಾತಾಡುತ್ತಾರಾ? ಒಂದು ಮಗು ಅತ್ತರೆ ಎಷ್ಟು ಹೊತ್ತಿಗೆ ಯಾರು ಬರುತ್ತಾರೆ? ಮಗುವನ್ನು ಹೆಸರು ಹಿಡಿದು ಕರೆಯುತ್ತಾರಾ? ಟಿವಿ ಹಚ್ಚಿದೆಯಾ? ಎರಡು ವರ್ಷದ ಒಳಗಿನ ಮಗುವಿಗೆ ಪರದೆ ಬೇಡ ಎಂದು ನಮ್ಮ ಮಕ್ಕಳ ವೈದ್ಯರ ಸಂಘವೂ ಹೇಳುತ್ತದೆ. ಊಟ ಇಳಿಸಲು ಮೊಬೈಲ್ ತೋರಿಸುವ ಕಡೆ ಬಾಯಿಗೆ ತುತ್ತು ಹೋಗಬಹುದು, ಆದರೆ ಮಾತು ನಿಂತುಹೋಗುತ್ತದೆ.

ನಂತರ ಒಂದು ಪ್ರಶ್ನೆ ಕೇಳಿ. ಕಳೆದ ಒಂದು ವರ್ಷದಲ್ಲಿ ಎಷ್ಟು ಆಯಾಗಳು ಕೆಲಸ ಬಿಟ್ಟರು? ಹೀಗೆ ಕೇಳುವವರು ಕಡಿಮೆ. ಉತ್ತರ ಕೊಡುವವರು ತುಸು ತಡವರಿಸುತ್ತಾರೆ. ಆದರೆ ಡೇ ಕೇರಿನ ಗುಣ ಅರ್ಧ ಇಲ್ಲಿಯೇ ಇದೆ. ಎಸಿ, ಬಣ್ಣ, ಕ್ಯಾಮೆರಾಕ್ಕೆ ಲಕ್ಷಗಟ್ಟಲೆ ಹಾಕಿ, ಮಗುವನ್ನು ದಿನವಿಡೀ ಎತ್ತಿಕೊಳ್ಳುವ ಹೆಣ್ಣುಮಗಳಿಗೆ ತೀರಾ ಕಡಿಮೆ ಪಗಾರ ಕೊಡುವ ಜಾಗಗಳಿವೆ. ಮೂರು ತಿಂಗಳಾಗುವಷ್ಟರಲ್ಲಿ ಆಕೆ ಬೇರೆ ಕೆಲಸ ಹಿಡಿಯುತ್ತಾಳೆ. ತಪ್ಪು ಆಕೆಯದಲ್ಲ. ಆದರೆ ನಿಮ್ಮ ಮಗ ಈಗಷ್ಟೇ ಹೊಂದಿಕೊಂಡ ಕೈ ಕಳೆದುಕೊಂಡು ಮತ್ತೆ ಮೊದಲಿನಿಂದ ಶುರು ಮಾಡಬೇಕು. ಆಯಾಗೆ ಪಗಾರ ಎಷ್ಟು, ರಜೆ ಇದೆಯಾ, ಮಧ್ಯಾಹ್ನ ಕೂತು ಉಣ್ಣಲು ಹೊತ್ತು ಸಿಗುತ್ತದಾ ಎಂದು ಕೇಳಲು ಸಂಕೋಚ ಬೇಡ. ದಣಿದ ಕೈ ಮಗುವನ್ನು ಮೆತ್ತಗೆ ಎತ್ತುವುದಿಲ್ಲ.

ಎಷ್ಟು ಮಕ್ಕಳಿಗೆ ಒಬ್ಬರು? ಇಂಗ್ಲೆಂಡಿನಲ್ಲಿ ಎರಡು ವರ್ಷದೊಳಗಿನ ಮೂರು ಮಕ್ಕಳಿಗೆ ಒಬ್ಬರು ಇರಲೇಬೇಕು ಎಂಬ ನಿಯಮ ಇದೆ. ನಮ್ಮಲ್ಲಿ ಕೆಲಸದ ಜಾಗದ ಶಿಶುಪಾಲನಾ ಕೇಂದ್ರಗಳಿಗೆ ಕೇಂದ್ರ ಸರ್ಕಾರ 2018ರಲ್ಲಿ ಕೊಟ್ಟ ಮಾರ್ಗಸೂಚಿ ಮೂರು ವರ್ಷದೊಳಗಿನ ಹತ್ತು ಮಕ್ಕಳಿಗೆ ಒಬ್ಬರು ಸಾಕು ಅಂದಿತ್ತು. ನನಗೆ ಅದು ಒಪ್ಪಿಗೆಯಿಲ್ಲ. ನಡೆಯಲು ಕಲಿಯುತ್ತಿರುವ ಹತ್ತು ಕೂಸುಗಳನ್ನು ಒಬ್ಬರು ಕಾಯಬಹುದು, ಸಾಕಲು ಆಗುವುದಿಲ್ಲ. ಈ ವಯಸ್ಸಿಗೆ ನಾಲ್ಕಕ್ಕೆ ಒಬ್ಬರು ಎಂಬುದು ನಾನು ಹೇಳುವ ಲೆಕ್ಕ. ನೀವು ನೋಡಿದ ಮನೆ ಡೇ ಕೇರಿನಲ್ಲಿ ಎಂಟಕ್ಕೆ ಇಬ್ಬರು. ಲೆಕ್ಕ ಸರಿ ಇದೆ. ಆದರೆ ಆ ಮೇಡಂ ಅಡುಗೆಗೆ ಹೋದಾಗ ಎಂಟಕ್ಕೆ ಒಬ್ಬರಾಗುತ್ತಾರಲ್ವಾ? ಅವರಿಗೆ ಜ್ವರ ಬಂದರೆ, ಮನೆಯಲ್ಲಿ ಮದುವೆ ಬಂದರೆ ಯಾರು ಬರುತ್ತಾರೆ? ಇದನ್ನು ಕೇಳಿ ತಿಳಿದುಕೊಳ್ಳಿ.

ಇಂಗ್ಲಿಷ್ ವಿಷಯದಲ್ಲಿ ನನಗೆ ಸ್ವಲ್ಪ ಸಿಟ್ಟೇ ಇದೆ. ಎರಡು ಮೂರು ಭಾಷೆ ಕೇಳಿದರೆ ಮಗುವಿಗೆ ಗೊಂದಲ ಆಗುವುದಿಲ್ಲ. ಹುಬ್ಬಳ್ಳಿಯ ಎಷ್ಟೋ ಮನೆಗಳಲ್ಲಿ ಕನ್ನಡ, ಮರಾಠಿ, ಉರ್ದು, ಕೊಂಕಣಿ ಕಲೆತೇ ಮಕ್ಕಳು ಬೆಳೆದಿದ್ದಾರೆ. ನನ್ನ ತಕರಾರು ಬೇರೆ. ಇಂಗ್ಲಿಷ್ ಬಾರದ ಆಯಾಗೆ "ಇಂಗ್ಲಿಷಿನಲ್ಲೇ ಮಾತಾಡು" ಎಂದು ಹೇಳಿದರೆ ಆಕೆಯ ಮಾತು "ಕಮ್, ಸಿಟ್, ನೋ, ಈಟ್" ಎಂಬ ನಾಲ್ಕು ಪದಕ್ಕೆ ಇಳಿಯುತ್ತದೆ. ಅದೇ ಹೆಣ್ಣುಮಗಳು ತನ್ನ ಧಾರವಾಡ ಕನ್ನಡದಲ್ಲಿ "ಬಾರೋ ನನ್ನಪ್ಪಾ, ಏನ್ ಬಿತ್ತದು, ಎಲ್ಲಿ ಹೋತದು, ನೋಡೂಣು ನಡಿ" ಎಂದು ತಾಸುಗಟ್ಟಲೆ ಮಾತಾಡಬಲ್ಲಳು. ಅವನಿಗೆ ಈಗ ಬೇಕಿರುವುದು ಅಂಥ ಮಾತು. ಇಂಗ್ಲಿಷ್ ಕಲಿಯಲು ಮುಂದೆ ಬೇಕಾದಷ್ಟು ವರ್ಷ ಇದೆ.

ಕ್ಯಾಮೆರಾ ಇದ್ದರೆ ಒಳ್ಳೆಯದೇ. ಆದರೆ ಅದು ಅಳುವ ಮಗುವನ್ನು ಎತ್ತಿಕೊಳ್ಳುವುದಿಲ್ಲ. ಕೌಂಟರ್‌ನಲ್ಲಿ ಕೂತು ನೀವೂ ದಿನವಿಡೀ ನೋಡಲು ಆಗುವುದಿಲ್ಲ. ಹೇಳದೆ ಹೋಗಿ ಬಾಗಿಲು ತಟ್ಟುವ ಹಕ್ಕು ನಿಮಗಿರಲಿ, ಅದು ಕ್ಯಾಮೆರಾಕ್ಕಿಂತ ಮೇಲು.

ಇದನ್ನು ನನ್ನ ಅನುಭವದಿಂದಲೇ ಹೇಳುತ್ತಿದ್ದೇನೆ. ನನ್ನ ಮಗಳು ಒಂದೂವರೆ ವರ್ಷದವಳಿದ್ದಾಗ ಅವಳನ್ನೂ ಒಂದು ಕಡೆ ಬಿಡುತ್ತಿದ್ದೆ. ಒಂದು ದಿನ ಡ್ಯೂಟಿ ಬೇಗ ಮುಗಿಯಿತೆಂದು ಮಧ್ಯಾಹ್ನ ಒಂದು ಗಂಟೆಗೆ ಹೋದೆ. ಹನ್ನೆರಡು ಮಕ್ಕಳು ಸಾಲಾಗಿ ಮಲಗಿದ್ದರು, ಒಬ್ಬರೂ ಹೊರಳುತ್ತಿರಲಿಲ್ಲ. ಮಧ್ಯಾಹ್ನ ಕಣ್ಣೇ ಮುಚ್ಚದ ನನ್ನ ಮಗಳೂ ಮಲಗಿದ್ದಳು. ಕಪಾಟಿನ ಮೇಲೆ ಕೆಮ್ಮಿನ ಔಷಧದ ಬಾಟಲಿ ಇತ್ತು. ನಿದ್ದೆ ಬರಲೆಂದು ಮಕ್ಕಳಿಗೆ ಅದನ್ನು ಕುಡಿಸುತ್ತಿದ್ದದ್ದು ಡಾಕ್ಟರಾದ ನನಗೇ ಎರಡು ತಿಂಗಳು ಗೊತ್ತಾಗಿರಲಿಲ್ಲ. ಕೆಲವರು ನಿದ್ದೆಗೆಂದು ಗಸಗಸೆಯನ್ನೂ ಕೊಡುತ್ತಾರೆ. ಎರಡೂ ಉಸಿರಾಟಕ್ಕೆ ಅಪಾಯ. ಕ್ಲೋರ್‌ಫೆನಿರಮೈನ್, ಫಿನೈಲೆಫ್ರಿನ್ ಎರಡೂ ಸೇರಿದ ನೆಗಡಿ ಔಷಧವನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಎಂದು ಬಾಟಲಿಯ ಮೇಲೆಯೇ ಬರೆಯಬೇಕು ಎಂದು 2023ರ ಡಿಸೆಂಬರ್‌ನಲ್ಲಿ ಕೇಂದ್ರದ ಔಷಧ ನಿಯಂತ್ರಕರು ಹೇಳಿದ್ದಾರೆ. ನೀವು ಬರೆದುಕೊಡದೆ ಒಂದು ಹನಿ ಔಷಧವನ್ನೂ ಹಾಕಬಾರದು ಎಂದು ಮೊದಲ ದಿನವೇ ಸ್ಪಷ್ಟವಾಗಿ ಹೇಳಿ. ಸಂಜೆ ಮಗು ಮಂಕಾಗಿದ್ದರೆ, ಎಬ್ಬಿಸಿದರೂ ಕಣ್ಣು ಎಳೆಯುತ್ತಿದ್ದರೆ "ದಣಿದಾನ" ಎಂದು ಬಿಡಬೇಡಿ.

ನಮ್ಮ ಊರಿಗೇ ಸಂಬಂಧಪಟ್ಟ ಎರಡು ಅಪಾಯ ಹೇಳಲೇಬೇಕು. ಒಂದು ಶೇಂಗಾ. ನಮ್ಮ ಕಡೆ ಶೇಂಗಾ, ಪುಟಾಣಿ, ಚುರುಮುರಿ ಇಲ್ಲದ ಮನೆ ಇಲ್ಲ. ದವಡೆ ಹಲ್ಲು ಪೂರ್ತಿ ಬಾರದ ಮಗು ಶೇಂಗಾ ಅಗಿಯುವುದಿಲ್ಲ. ನಗುತ್ತಲೋ ಅಳುತ್ತಲೋ ಉಸಿರು ಎಳೆದರೆ ಕಾಳು ಶ್ವಾಸನಾಳಕ್ಕೆ ಹೋಗುತ್ತದೆ. ಒಮ್ಮೆ ಜೋರಾಗಿ ಕೆಮ್ಮು ಬಂದು ನಿಂತುಬಿಡಬಹುದು. ಎಲ್ಲರೂ ಹೋಯಿತು ಅಂದುಕೊಳ್ಳುತ್ತಾರೆ. ಆಮೇಲೆ ವಾಸಿಯಾಗದ ನ್ಯುಮೋನಿಯಾ ಎಂದು ಬರುತ್ತಾರೆ. ದುರ್ಬೀನು ಹಾಕಿ ಕಾಳು ತೆಗೆಯಬೇಕಾಗುತ್ತದೆ. ಐದು ವರ್ಷದ ತನಕ ಇಡೀ ಕಾಳು ಬೇಡ, ನುಣ್ಣಗೆ ಪುಡಿ ಮಾಡಿದ್ದು ಕೊಡಬಹುದು. ಗಂಟಲಲ್ಲಿ ಸಿಕ್ಕರೆ ಏನು ಮಾಡಬೇಕು ಎಂದು ಅಲ್ಲಿರುವವರಿಗೆ ಗೊತ್ತಿದೆಯಾ ಎಂದು ಕೇಳಿ.

ಎರಡನೆಯದು ನೀರು. ನಮ್ಮಲ್ಲಿ ಅನೇಕ ಓಣಿಗಳಿಗೆ ನಳದ ನೀರು ದಿನಾ ಬರುವುದಿಲ್ಲ. ಹಾಗಾಗಿ ಬ್ಯಾರಲ್, ಬಕೆಟ್, ತೊಟ್ಟಿ ತುಂಬಿಟ್ಟಿರುತ್ತಾರೆ. ಅರ್ಧ ಬಕೆಟ್ ನೀರಿಗೆ ತಲೆಕೆಳಗಾಗಿ ಬಿದ್ದ 14 ತಿಂಗಳ ಮಗುವಿಗೆ ತಾನಾಗಿ ಮೇಲೆ ಬರಲು ಆಗುವುದಿಲ್ಲ. ಸದ್ದೂ ಆಗುವುದಿಲ್ಲ. ಬಚ್ಚಲಿಗೆ ಚಿಲಕ ಇದೆಯಾ, ಬ್ಯಾರಲ್‌ಗೆ ಮುಚ್ಚಳ ಇದೆಯಾ ನೋಡಿ. ಮುಚ್ಚಳ ಇದ್ದರೆ ಡೆಂಗಿ ಸೊಳ್ಳೆಯೂ ಕಡಿಮೆ. ಇನ್ನೊಂದು ಸೂಕ್ಷ್ಮ ಇದೆ. ನೀರು ಕಡಿಮೆಯಾದ ದಿನ ಮೊದಲು ನಿಲ್ಲುವುದು ಕೈ ತೊಳೆಯುವುದು. ಚಡ್ಡಿ ಬದಲಿಸಿದ ಕೈಯಲ್ಲೇ ಬಾಳೆಹಣ್ಣು ಸುಲಿದರೆ ಎಂಟೂ ಮಕ್ಕಳಿಗೆ ಭೇದಿ. ಹಾಗೆಯೇ ಅಲ್ಲಿ ಕೆಲಸ ಮಾಡುವವರಲ್ಲಿ ಯಾರಿಗಾದರೂ ಎರಡು ವಾರ ದಾಟಿದ ಕೆಮ್ಮು ಇದೆಯಾ ವಿಚಾರಿಸಿ. ಚಿಕ್ಕ ಮಕ್ಕಳಿಗೆ ಟಿಬಿ ತಗಲುವುದು ಹತ್ತಿರದ ದೊಡ್ಡವರಿಂದಲೇ.

ಈಗ ನಿಮ್ಮ ಮುಂದಿರುವ ದಾರಿಗಳು.

ಅತ್ತೆಯವರ ಪ್ರೀತಿಯಲ್ಲಿ ನನಗೆ ಅನುಮಾನ ಇಲ್ಲ. ಆದರೆ ಅವರು ಹೇಳಿದಂತೆ ಮಾಡಿದರೆ ಮಗ ಒಂದೇ ದಿನ ಮೂವರನ್ನು ಕಳೆದುಕೊಳ್ಳುತ್ತಾನೆ: ನಿಮ್ಮನ್ನು, ಅಪ್ಪನನ್ನು, ಇಷ್ಟು ದಿನ ಸಾಕಿದ ನಿಮ್ಮ ತಾಯಿಯನ್ನು. ಐದು ದಿನ ಎಂದರೆ ಅವನಿಗೆ ಲೆಕ್ಕವೇ ಸಿಗದಷ್ಟು ಉದ್ದ. ಮೂರು ವರ್ಷಕ್ಕೆ ಶಾಲೆಗೆಂದು ಹುಬ್ಬಳ್ಳಿಗೆ ತಂದಾಗ ಅತ್ತೆಯನ್ನೂ ಕಳೆದುಕೊಳ್ಳುತ್ತಾನೆ. ಹೀಗೆ ತಂದ ಮಕ್ಕಳು ತಿಂಗಳುಗಟ್ಟಲೆ ಉಣ್ಣದೆ, ಮಲಗದೆ ಇದ್ದದ್ದನ್ನು ನಾನು ನೋಡಿದ್ದೇನೆ. ಆದ್ದರಿಂದ ಇದು ಬೇಡ. ಬದಲಿಗೆ ಅತ್ತೆಯವರನ್ನೇ ಒಂದು ಒಂದೂವರೆ ತಿಂಗಳು ನವನಗರಕ್ಕೆ ಕರೆಯಿರಿ. ಡೇ ಕೇರಿಗೆ ಹೊಂದಿಕೊಳ್ಳುವ ದಿನಗಳಲ್ಲಿ ಅವರು ಮನೆಯಲ್ಲಿದ್ದರೆ ಅರ್ಧ ಭಾರ ಇಳಿಯುತ್ತದೆ. "ನಿಮ್ಮ ಕೈಲಿ ಬಿಡಲ್ಲ" ಅಂದಂತೆಯೂ ಆಗುವುದಿಲ್ಲ.

ಮನೆಗೇ ಆಯಾ ಇಡುವುದನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಒಳ್ಳೆಯವರು ಸಿಕ್ಕರೆ ಅದಕ್ಕಿಂತ ಸುಲಭ ಇಲ್ಲ. ಆದರೆ ನೋಡುವ ಇನ್ನೊಂದು ಕಣ್ಣು ಮನೆಯಲ್ಲಿ ಇರಲೇಬೇಕು. ನಿಮ್ಮ ಮನೆಯಲ್ಲಿ ಸದ್ಯ ಅದಿಲ್ಲ. ಕಾನೂನಿನ ದಾರಿಯೂ ಒಂದಿದೆ. ಹೆರಿಗೆ ಸೌಲಭ್ಯದ ಕಾನೂನಿನ ಪ್ರಕಾರ 50 ಅಥವಾ ಹೆಚ್ಚು ಜನ ದುಡಿಯುವ ಕಡೆ ಶಿಶುಪಾಲನಾ ಕೊಠಡಿ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಬರಬಹುದು. ಬೇರೆಯವರ ಜೊತೆ ಸೇರಿ ನಡೆಸಲೂ ಅವಕಾಶ ಇದೆ. ನಿಮ್ಮ ಶಾಖೆಯಲ್ಲಿ ಅಷ್ಟು ಜನ ಇರಲಿಕ್ಕಿಲ್ಲ, ಆದರೂ ಮೇಲಿನವರಿಗೆ ಒಂದು ಪತ್ರ ಬರೆದಿಡಿ. ಅಂಗನವಾಡಿಯ ಕಲಿಕೆ ಶುರುವಾಗುವುದು ಮೂರು ವರ್ಷಕ್ಕೆ. ಆಗ ನಿಮ್ಮ ಓಣಿಯ ಅಂಗನವಾಡಿಯನ್ನೂ ನೋಡಿ ಬನ್ನಿ. ಹಾಡು ಕತೆಯಲ್ಲಿ ಮಕ್ಕಳನ್ನು ಕೂರಿಸಬಲ್ಲ ಟೀಚರುಗಳು ಅಲ್ಲಿದ್ದಾರೆ.

ಉಳಿದ ಎರಡರಲ್ಲಿ, ನಿಮ್ಮ ಜಾಗದಲ್ಲಿ ನಾನಿದ್ದರೆ ಮನೆಯಲ್ಲಿ ನಡೆಸುವುದನ್ನೇ ಆರಿಸುತ್ತಿದ್ದೆ. ಮಕ್ಕಳು ಕಡಿಮೆ, ಮುಖಗಳು ಬದಲಾಗುವುದಿಲ್ಲ. ಆದರೆ ಮಧ್ಯಾಹ್ನ ಹೋಗಿ ಕೂತು ನೋಡಿದ ಮೇಲೆಯೇ. ಆ ದೊಡ್ಡ ಡೇ ಕೇರಿನಲ್ಲಿ ಮೂರು ವರ್ಷದಿಂದ ಇರುವ ಆಯಾ ಒಬ್ಬರು ನಿಮ್ಮ ಮಗನಿಗೇ ಸಿಗುತ್ತಾರೆ, ನಾಲ್ಕು ಮಕ್ಕಳಿಗೆ ಒಬ್ಬರಿದ್ದಾರೆ ಎಂದಾದರೆ ನನ್ನ ಮಾತು ಬದಲಾಗುತ್ತದೆ.

ಸೇರಿಸುವ ವಾರ ರಜೆ ಹಾಕಿ. ಮೊದಲ ಎರಡು ದಿನ ನೀವೂ ಅಲ್ಲೇ ಕೂತಿರಿ, ಒಂದು ತಾಸು ಸಾಕು. ಮೂರನೇ ದಿನ ಅರ್ಧ ತಾಸು ಹೊರಗೆ ಹೋಗಿ ಬನ್ನಿ. ಆಮೇಲೆ ಊಟದ ತನಕ, ಆಮೇಲೆ ನಿದ್ದೆಯ ತನಕ. ಅವನು ಹೊದೆಯುವ ದುಪ್ಪಟಿಯೋ ನಿಮ್ಮ ಹಳೆಯ ಸೀರೆಯ ತುಂಡೋ ಜೊತೆಗಿರಲಿ. ಕಣ್ಣು ತಪ್ಪಿಸಿ ಓಡಬೇಡಿ. "ಅವ್ವ ಹೋಗಿ ಚಹಾ ಹೊತ್ತಿಗೆ ಬರ್ತೀನಿ" ಎಂದು ಹೇಳಿ, ಮುತ್ತು ಕೊಟ್ಟು, ತಿರುಗಿ ತಿರುಗಿ ನೋಡದೆ ಹೊರಡಿ. ಅಳುತ್ತಾನೆ. ಹತ್ತರಿಂದ ಹದಿನೆಂಟು ತಿಂಗಳ ನಡುವೆ ಈ ಅಳು ಅತಿ ಜೋರು. ನೀವು ಬಾಗಿಲು ದಾಟಿದ ಹತ್ತು ನಿಮಿಷಕ್ಕೆ ಆಯಾಳ ಸೊಂಟದ ಮೇಲೆ ಸಮಾಧಾನ ಆಗುತ್ತಾನಾ ಎಂದು ಫೋನ್ ಮಾಡಿ ಕೇಳಿ. ಮೂರು ನಾಲ್ಕು ವಾರ ಕಳೆದರೂ ಇಡೀ ದಿನ ಅಳುತ್ತಿದ್ದರೆ, ಊಟ ಬಿಟ್ಟರೆ, ಒಬ್ಬರನ್ನೇ ಕಂಡು ಬೆದರಿದರೆ, ಮೈಮೇಲೆ ಕಾರಣ ಗೊತ್ತಾಗದ ಗುರುತು ಕಂಡರೆ ಮುಲಾಜು ನೋಡದೆ ಬಿಡಿಸಿ. ಯಾರಾದರೂ ಹಿಂಸೆ ಮಾಡಿದ್ದಾರೆ ಅನಿಸಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು.

ಇನ್ನೊಂದು ಮಾತು, ನೀವು ಕೇಳುವ ಮೊದಲೇ. ದಿನವಿಡೀ ಚೆನ್ನಾಗಿದ್ದ ಎಂದು ಅವರು ಹೇಳುತ್ತಾರೆ, ಸಂಜೆ ನಿಮ್ಮನ್ನು ಕಂಡ ಕೂಡಲೇ ಜೋರಾಗಿ ಅಳುತ್ತಾನೆ, ಕೂದಲು ಜಗ್ಗುತ್ತಾನೆ. ಅಲ್ಲಿ ಏನೋ ಕೆಟ್ಟದ್ದು ನಡೆದಿದೆ ಎಂದೇ ಅದರ ಅರ್ಥ ಅಲ್ಲ. ದಿನವಿಡೀ ತಡೆದುಕೊಂಡಿದ್ದನ್ನು ನಿಮ್ಮ ಮಡಿಲಲ್ಲಿ ಇಳಿಸುತ್ತಿದ್ದಾನೆ. ಆ ಹೊತ್ತಿಗೆ ಫೋನ್ ಬ್ಯಾಗಿನಲ್ಲೇ ಇರಲಿ. ಎದೆಹಾಲು ಇನ್ನೂ ಇದ್ದರೆ ಕೂತು ಕುಡಿಸಿ. ಅವನಾಗಿಯೇ ಇಳಿದು ಆಟಕ್ಕೆ ಹೋಗುವ ತನಕ ಎತ್ತಿಕೊಂಡೇ ಇರಿ. ಬೆಳಗಿನ ಶಿಫ್ಟ್ ಇದ್ದ ವಾರ ಚಹಾವನ್ನು ನಿಮ್ಮ ಮನೆಯವರೇ ಇಡಲಿ.